ರೇಡಿಯೋ ಕಂಟ್ರೋಲ್ ಜೆಟ್: ಕೊಳ್ಳುವ ಮುನ್ನ ನಾಲ್ಕು ಮಾತು



ನಮ್ಮ ಕೂಟದ ಯುಗಾದಿ ಪಿಕ್ನಿಕ್ಕಿನಲ್ಲಿ ನಾವು ಮಾದರಿ ವಿಮಾನ ಹಾರಿಸಿದ್ದನ್ನು ನೋಡಿದ ಮೇಲೆ ಹಲವರು "ನಮ್ಮ ಹುಡುಗನಿಗೂ ಒಂದು ಜೆಟ್ ಕೊಡಿಸಬೇಕು, ಯಾವುದು ತಗೊಳ್ಳೋಣ?" ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲಿ ಬರೆಯುವುದೇ ವಾಸಿ ಎನಿಸಿತು. ಉತ್ತರ ಚಿಕ್ಕದು: ಜೆಟ್ ಖಂಡಿತ ಕೊಳ್ಳಿ, ಆದರೆ ಮೊದಲ ವಿಮಾನವಾಗಿ ಬೇಡ. ಕಾರಣ ಮಾತ್ರ ಸ್ವಲ್ಪ ಉದ್ದ.

ಮೊದಲು ನಮ್ಮದೇ ಮೂರ್ಖತನದ ಕಥೆ. ಕಾಲೇಜಿನ ದಿನಗಳಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣ ತಂಡದ ವಿಮಾನಗಳನ್ನು ಕತ್ತು ನೋಯುವಷ್ಟು ನೋಡಿದವರು ನಾವು. ಇಲ್ಲಿ ಟೆಕ್ಸಾಸಿಗೆ ಬಂದು ನೆಲೆಸಿ, ಮಕ್ಕಳು ಕೈಗೆ ಬಂದ ಮೇಲೆ ಆ ಹಳೆಯ ಹುಚ್ಚು ಮತ್ತೆ ಕೆರಳಿತು. 2022ರಲ್ಲಿ ಮೂರು ಮನೆಯವರು ದುಡ್ಡು ಸೇರಿಸಿ, 70 ಮಿಲಿಮೀಟರ್ ಫ್ಯಾನಿನ ಫೋಮ್ ಜೆಟ್ ಒಂದನ್ನು ಕೊಂಡೆವು. ಅಂಗಡಿಯವನು "ಗೈರೋ ಇದೆ, ತಾನೇ ಹಾರುತ್ತೆ" ಎಂದಿದ್ದ. ನಾವೂ ನಂಬಿದೆವು, ಎಷ್ಟಾದರೂ ಸಾಫ್ಟ್‌ವೇರಿನವರಲ್ಲವೇ! ನಮ್ಮಲ್ಲೊಬ್ಬರ ಮಗನ ಹನ್ನೊಂದನೇ ಹುಟ್ಟುಹಬ್ಬದ ದಿನ ಮೊದಲ ಹಾರಾಟ. ಒಟ್ಟು ಅವಧಿ ಸುಮಾರು ಇಪ್ಪತ್ತು ಸೆಕೆಂಡು. ಮೊದಲ ತಿರುವಿನಲ್ಲಿ ಹೆದರಿ ಥ್ರಾಟಲ್ ಇಳಿಸಿದೆವು, ಒಂದು ರೆಕ್ಕೆ ಕುಸಿಯಿತು, ಮೂಗು ನೆಲಕ್ಕೆ ನಾಟಿತು. ಮನೆಗೆ ಬರುವ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಒಂದು ಮಾತಿಲ್ಲ.

ತಪ್ಪು ಎಲ್ಲಾಯಿತು? ಸಾಮಾನ್ಯ ವಿಮಾನದಲ್ಲಿ ಪ್ರೊಪೆಲ್ಲರ್ ಮೂಗಿನಲ್ಲಿರುತ್ತದೆ. ಅದು ಎಸೆಯುವ ಗಾಳಿ ಬಾಲದ ಎಲಿವೇಟರ್, ರಡ್ಡರುಗಳ ಮೇಲೆ ಹಾದುಹೋಗುವುದರಿಂದ ವೇಗ ಕಡಿಮೆಯಿದ್ದರೂ, ಪವರ್ ಕೊಟ್ಟ ಕೂಡಲೇ ವಿಮಾನ ಮಾತು ಕೇಳುತ್ತದೆ. ಜೆಟ್‌ನಲ್ಲಿ ಫ್ಯಾನ್ ಹೊಟ್ಟೆಯೊಳಗಿದ್ದು, ಗಾಳಿ ನೇರವಾಗಿ ಹಿಂದಿನಿಂದ ಹೊರಟುಹೋಗುತ್ತದೆ. ಬಾಲಕ್ಕೆ ಸಿಗುವುದು ವಿಮಾನ ಮುಂದೆ ಸಾಗುವಾಗ ಎದುರಾಗುವ ಗಾಳಿ ಮಾತ್ರ. ವೇಗ ಹೋಯಿತೋ, ಹತೋಟಿಯೂ ಹೋಯಿತು. ಜೊತೆಗೆ ಫ್ಯಾನ್ ಪೂರ್ತಿ ವೇಗಕ್ಕೆ ಬರಲು ತುಸು ಹೊತ್ತು ಬೇಕು, ರೆಕ್ಕೆ ಚಿಕ್ಕದು, ತೂಕ ಹೆಚ್ಚು. ಇಳಿಯುವಾಗಲೂ ಸ್ವಲ್ಪ ಪವರ್ ಉಳಿಸಿಕೊಂಡೇ ಬರಬೇಕು. ಹೆದರಿಕೆಯಾದಾಗ ಥ್ರಾಟಲ್ ಇಳಿಸುವುದು ಮನುಷ್ಯನ ಸ್ವಭಾವ. ಅದೇ ಇಲ್ಲಿ ಮುಳುವು.

ಇನ್ನು ವೇಗದ ಲೆಕ್ಕ ನೋಡಿ. ಗಂಟೆಗೆ 100 ಮೈಲಿ ಎಂದರೆ ಸೆಕೆಂಡಿಗೆ ಸುಮಾರು 45 ಮೀಟರ್. "ಎಡಕ್ಕೋ ಬಲಕ್ಕೋ" ಎಂದು ಐದು ಸೆಕೆಂಡು ಯೋಚಿಸಿದರೆ ವಿಮಾನ 200 ಮೀಟರಿಗೂ ಆಚೆ! ಅದರಲ್ಲೂ ವಿಮಾನ ನಮ್ಮ ಕಡೆಗೇ ಬರುವಾಗ ಎಡಬಲ ಅದಲುಬದಲು. ಇದಕ್ಕೊಂದು ಉಪಾಯವಿದೆ: ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ವಿಮಾನ ಸಮವಾಗುತ್ತದೆ. ಓದಿದರೆ ಸುಲಭ. ಬೆರಳಿಗೆ ಹತ್ತಲು ತಿಂಗಳುಗಳೇ ಬೇಕು.

ಆದ್ದರಿಂದ ಕಂಪ್ಯೂಟರಿನ ಸಿಮ್ಯುಲೇಟರ್‌ನಿಂದ ಶುರು ಮಾಡಿ. ಅಲ್ಲಿ ನೂರು ಸಲ ಬೀಳಿಸಿದರೂ ಖರ್ಚು ಸೊನ್ನೆ. ಆಮೇಲೆ ರೆಕ್ಕೆ ಮೇಲಿರುವ, ಫೋಮಿನ ಟ್ರೇನರ್ ವಿಮಾನ. ಬಿದ್ದರೆ ಅಂಟು ಹಚ್ಚಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸಬಹುದು. ಅದಾದ ಮೇಲೆ ರೆಕ್ಕೆ ಕೆಳಗಿರುವ ಪ್ರೊಪೆಲ್ಲರ್ ವಿಮಾನ. ಅದನ್ನು ಗೈರೋ ಸಹಾಯವಿಲ್ಲದೆ, ಬೇಕೆಂದ ಜಾಗದಲ್ಲಿ ಇಳಿಸಲು ಬಂದರೆ ಆಗ ಜೆಟ್. ನಮಗೆ ಇಷ್ಟಕ್ಕೆ ಸುಮಾರು ಒಂದು ವರ್ಷ ಹಿಡಿಯಿತು. ಮಕ್ಕಳು ನಮಗಿಂತ ಬೇಗ ಕಲಿತರು ಎಂದು ಹೇಳಲು ಸ್ವಲ್ಪ ನಾಚಿಕೆ!

ಕ್ಲಬ್ ಸೇರುವುದನ್ನು ಮರೆಯಬೇಡಿ. 1936ರಲ್ಲಿ ಶುರುವಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್, ಅಂದರೆ ಎಎಂಎ, ಸದಸ್ಯರಿಗೆ ಹೊಣೆಗಾರಿಕೆ ವಿಮೆ ಕೊಡುತ್ತದೆ. ಕ್ಲಬ್ಬಿನ ಹಿರಿಯರು ಎರಡು ಟ್ರಾನ್ಸ್‌ಮಿಟರ್ ಜೋಡಿಸಿ ಕಲಿಸುತ್ತಾರೆ. ವಿಮಾನ ನಿಮ್ಮ ಕೈಮೀರಿದರೆ ಒಂದು ಸ್ವಿಚ್ ಒತ್ತಿ ಅವರೇ ಹಿಡಿಯುತ್ತಾರೆ. ಆ ಮೊದಲ ದಿನ ನಮ್ಮ ಪಕ್ಕದಲ್ಲಿ ಅಂಥವರೊಬ್ಬರಿದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಕಾನೂನಿನ ವಿಷಯ. 250 ಗ್ರಾಂ ಮೀರಿದ ವಿಮಾನವಾದರೆ ಎಫ್‌ಎಎ ತಾಣದಲ್ಲಿ ನೋಂದಣಿ ಕಡ್ಡಾಯ. ಹವ್ಯಾಸಿಗಳಿಗೆ ಮೂರು ವರ್ಷಕ್ಕೆ 5 ಡಾಲರ್, ನಿಮ್ಮ ಎಲ್ಲ ವಿಮಾನಗಳಿಗೂ ಒಂದೇ ಸಂಖ್ಯೆ. ಟ್ರಸ್ಟ್ ಎಂಬ ಉಚಿತ ಆನ್‌ಲೈನ್ ಪರೀಕ್ಷೆಯನ್ನೂ ಮುಗಿಸಿರಬೇಕು. ರಿಮೋಟ್ ಐಡಿ ನಿಯಮ 2024ರ ಮಾರ್ಚ್‌ನಿಂದ ಬಿಗಿಯಾಗಿದೆ. ಎಫ್‌ಎಎ ಮಾನ್ಯ ಮಾಡಿದ ಕ್ಲಬ್ ಮೈದಾನದಲ್ಲಿ ಹಾರಿಸಿದರೆ ಅದರ ಚಿಂತೆಯಿಲ್ಲ. ಮನೆ ಹಿಂದಿನ ಪಾರ್ಕಿನಲ್ಲಿ ಜೆಟ್ ಹಾರಿಸುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಅಲ್ಲಿ ಓಡಾಡುವವರು ನಿಮ್ಮ ಅಕ್ಕಪಕ್ಕದ ಮನೆಯ ಮಕ್ಕಳು.

ನಿಜವಾಗಿ ಭಯಪಡಬೇಕಾದದ್ದು ಬ್ಯಾಟರಿಗೆ. ಅಂದು ಬಿದ್ದ ಜೆಟ್ಟಿನ ಲಿಪೋ ಬ್ಯಾಟರಿಯ ಮೂಲೆ ಸ್ವಲ್ಪ ಜಜ್ಜಿತ್ತು. "ಇರಲಿ" ಎಂದು ಗ್ಯಾರೇಜಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ ಪೂರಿಯ ಹಾಗೆ ಉಬ್ಬಿದೆ! ಹೊರಗೆ ಸಿಮೆಂಟಿನ ಮೇಲೆ ತಂದಿಟ್ಟ ಎಷ್ಟೋ ಹೊತ್ತಿನ ಮೇಲೂ ಕೈ ನಡುಗುತ್ತಿತ್ತು. ಗ್ಯಾರೇಜಿನ ಮೇಲೆಯೇ ಮಕ್ಕಳ ಕೋಣೆ. ಅಂದಿನಿಂದ ಮನೆಯ ನಿಯಮಗಳಿವು: ಚಾರ್ಜ್ ಆಗುವಾಗ ಯಾರಾದರೂ ಪಕ್ಕದಲ್ಲಿರಬೇಕು, ರಾತ್ರಿ ಚಾರ್ಜಿಂಗ್ ಇಲ್ಲ. ಕೂಡಿಡುವಾಗ ಪ್ರತಿ ಸೆಲ್ಲಿಗೆ 3.8 ವೋಲ್ಟ್, ತುಂಬಿದ 4.2ರಲ್ಲಿ ವಾರಗಟ್ಟಲೆ ಬಿಡುವಂತಿಲ್ಲ. ಪೆಟ್ಟು ತಿಂದದ್ದು ಮನೆಯೊಳಗೆ ಬರುವಂತಿಲ್ಲ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡುವಂತಿಲ್ಲ, ಟೆಕ್ಸಾಸ್ ಬಿಸಿಲು ನಿಮಗೆ ಗೊತ್ತೇ ಇದೆ.

ಅಂದ ಹಾಗೆ ಆರು ಸೆಲ್ಲಿನ, 4000 ಎಂಎಎಚ್ ಬ್ಯಾಟರಿಯಿಂದ ಫ್ಯಾನ್ 65 ಆಂಪಿಯರ್ ಎಳೆದರೆ ಲೆಕ್ಕಕ್ಕೆ ನಾಲ್ಕು ನಿಮಿಷವೂ ಬರುವುದಿಲ್ಲ. ಪೂರ್ತಿ ಬರಿದು ಮಾಡುವಂತೆಯೂ ಇಲ್ಲ. ನಾವು ಟೈಮರನ್ನು ಮೂರು ನಿಮಿಷಕ್ಕೆ ಇಟ್ಟುಕೊಂಡಿದ್ದೇವೆ.

ಸೀಮೆಎಣ್ಣೆಯಲ್ಲಿ ಓಡುವ ನಿಜವಾದ ಟರ್ಬೈನ್ ಜೆಟ್ ಬೇರೆಯೇ ಲೋಕ. ಕೈಯಗಲದ ಎಂಜಿನ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಎಎಂಎ ವಿಶೇಷ ಅನುಮತಿ ಬೇಕು, ಬಲ್ಲವರ ಮುಂದೆ ಹಾರಿಸಿ ತೋರಿಸಬೇಕು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಬೇಕು. ಎಲ್ಲ ಸೇರಿ ಖರ್ಚು ಹತ್ತು ಸಾವಿರ ಡಾಲರ್ ಮುಟ್ಟುವುದು ಅಪರೂಪವಲ್ಲ. ನಾವಿನ್ನೂ ದೂರದಿಂದಲೇ ಕೈಮುಗಿಯುತ್ತಿದ್ದೇವೆ.

ಊರಿಗೆ ಹೋಗುವಾಗ ಅಣ್ಣನ ಮಗನಿಗೆ ಒಂದು ಒಯ್ಯೋಣವೇ ಎಂದೂ ಕೆಲವರು ಕೇಳಿದರು. ಭಾರತ ಸರ್ಕಾರ 2022ರ ಫೆಬ್ರವರಿಯಲ್ಲಿ ಡ್ರೋನ್ ಆಮದನ್ನು ನಿಷೇಧಿಸಿದೆ. ರಾತ್ರಿ ಎರಡು ಗಂಟೆಗೆ ಬೆಂಗಳೂರಿನ ಕಸ್ಟಮ್ಸಿನವರ ಮುಂದೆ ನಿಂತು "ಸಾರ್, ಇದು ಡ್ರೋನ್ ಅಲ್ಲ, ವಿಮಾನ" ಎಂದು ವಾದಿಸುವ ಉತ್ಸಾಹ ನಮಗಂತೂ ಇಲ್ಲ.

ಹುಟ್ಟುಹಬ್ಬದ ಹುಡುಗ ಕಳೆದ ವರ್ಷ ಅದೇ ಮಾದರಿಯ ಇನ್ನೊಂದು ಜೆಟ್ ಹಾರಿಸಿ, ಎದುರುಗಾಳಿಯಲ್ಲಿ ಸರಾಗವಾಗಿ ಇಳಿಸಿದ. ನಮ್ಮತ್ತ ತಿರುಗಿ "ಅಪ್ಪಾ, ನೀವು ಅವತ್ತು ಥ್ರಾಟಲ್ ಇಳಿಸಬಾರದಿತ್ತು" ಎಂದ. ಶನಿವಾರ ಬೆಳಿಗ್ಗೆ ಗಾಳಿ ಕಡಿಮೆಯಿದ್ದರೆ ನಾವು ಮೈದಾನದಲ್ಲೇ ಇರುತ್ತೇವೆ. ಬರುವವರು ಟೋಪಿ, ಕುಡಿಯುವ ನೀರು ತನ್ನಿ. ಹೆಚ್ಚುವರಿ ಟ್ರಾನ್ಸ್‌ಮಿಟರ್ ನಮ್ಮಲ್ಲಿದೆ, ಚಿತ್ರಾನ್ನವೂ ಇರುತ್ತದೆ.