ಇಪ್ಪತ್ತಡಿ ಸೈಟಿಗೆ ಅಡ್ಡ ನಿಂತ ಕಾರು

ಬೆಂಗಳೂರಿನ ಇಪ್ಪತ್ತು–ಮೂವತ್ತರ ಸೈಟೊಂದನ್ನು ಕಣ್ಮುಂದೆ ತಂದುಕೊಳ್ಳಿ. ಅದರ ಇಪ್ಪತ್ತಡಿ ಅಗಲಕ್ಕೆ ಅಡ್ಡಲಾಗಿ ಒಂದು ಕಾರು ನಿಲ್ಲಿಸಬೇಕು. ಮಾರುತಿ 800 ಆದರೆ ಹನ್ನೊಂದು ಅಡಿ. ಪಕ್ಕದಲ್ಲಿ ಸ್ಕೂಟರು ನಿಲ್ಲಿಸಿ, ತುಳಸಿ ಕಟ್ಟೆಗೂ ಜಾಗ ಉಳಿಸಿಕೊಳ್ಳಬಹುದು. ಅಂಬಾಸಿಡರ್ ಆದರೆ ಹದಿನಾಲ್ಕು ಅಡಿಗೆ ತುಸು ಮೇಲೆ. ಅದೇ ಜಾಗಕ್ಕೆ ಕ್ರೈಸ್ಲರ್ ಕಂಪನಿಯ 1973ರ ಇಂಪೀರಿಯಲ್ ತಂದಿರೋ, ಈ ಬಂಪರಿನಿಂದ ಆ ಬಂಪರಿಗೆ 235.3 ಇಂಚು, ಅಂದರೆ 19 ಅಡಿ 7 ಇಂಚು. ಎರಡೂ ಕಡೆ ಸೇರಿ ಉಳಿಯುವುದು ಐದು ಇಂಚಿಗೂ ಕಡಿಮೆ. ಇದು ಲಿಮೋಸಿನ್ ಅಲ್ಲ. ಮನೆಯ ಯಜಮಾನನೇ ಓಡಿಸಿಕೊಂಡು ಹೋಗಲೆಂದು ಮಾಡಿದ, ಆರು ಮಂದಿ ಕೂರುವ ಕಾರು.

ಅಮೆರಿಕದಲ್ಲಿ ಇಂಥವನ್ನು ಫುಲ್-ಸೈಜ್ ಎನ್ನುತ್ತಿದ್ದರು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಮಿಡ್-ಸೈಜ್. ಕೇಳಿದರೆ ದೊಡ್ಡದು, ಮಧ್ಯಮ ಎಂದು ನೀಟಾಗಿ ಅಳೆದು ಹೆಸರಿಟ್ಟಂತಿದೆ. ಟೇಪು ಹಿಡಿದು ಹೋದರೆ ಲೆಕ್ಕ ತಪ್ಪುತ್ತದೆ.

ಮೊದಲು ಅಳತೆಯ ವಿಷಯ. ಕಾರಿನ ಉದ್ದ ಎಂದರೆ ಮುಂದಿನ ಬಂಪರಿನ ತುದಿಯಿಂದ ಹಿಂದಿನ ಬಂಪರಿನ ತುದಿಯವರೆಗೆ. ವೀಲ್‌ಬೇಸ್ ಎಂದರೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ. ಮನೆಗೆ ಹೋಲಿಸಿದರೆ ವೀಲ್‌ಬೇಸ್ ಅನ್ನುವುದು ಪಾಯ. ಗಾಲಿಯಾಚೆಗೆ ಚಾಚಿಕೊಂಡ ಮೂತಿ ಮತ್ತು ಡಿಕ್ಕಿ, ಗೋಡೆಯಾಚೆ ಚಾಚಿದ ಸಜ್ಜಾ, ಬಾಲ್ಕನಿ ಇದ್ದಂತೆ. ಜನ ಕೂರುವುದು ಬಹುಮಟ್ಟಿಗೆ ಪಾಯದ ಮೇಲೆ. ಡೆಟ್ರಾಯಿಟಿನ ಕಂಪನಿಗಳು ಮನಸ್ಸು ಬಿಚ್ಚಿ ಬೆಳೆಸಿದ್ದು ಬಾಲ್ಕನಿಯನ್ನು.

1955ರ ಷೆವ್ರೊಲೆ ನೋಡಿ. ವೀಲ್‌ಬೇಸ್ 115 ಇಂಚು, ಒಟ್ಟು ಉದ್ದ 195.6 ಇಂಚು. ಆಗ ಅದಕ್ಕೆ ಫುಲ್-ಸೈಜ್ ಎಂಬ ಬಿರುದು ಬೇಕಿರಲಿಲ್ಲ, ಅದು ಬರೀ ಷೆವ್ರೊಲೆ. ಮೂರೇ ವರ್ಷದಲ್ಲಿ, 1958ಕ್ಕೆ, ಅದೇ ಸಾಲಿನ ಕಾರು 209 ಇಂಚಿಗೆ ಬೆಳೆದು ನಿಂತಿತು. ಫೋರ್ಡ್ ಕೂಡ ಹಾಗೇ ಬೆಳೆಯಿತು. ಹೀಗೆ ಎಲ್ಲರೂ ಮೇಲೆ ಹೋದಾಗ ಕೆಳಗೊಂದು ಜಾಗ ಖಾಲಿಯಾಯಿತು. ಅದನ್ನು ತುಂಬಲು 1962ರಲ್ಲಿ ಫೋರ್ಡ್ ತನ್ನ ಫೇರ್‌ಲೇನ್ ಅನ್ನು ಮಧ್ಯಮ ಕಾರೆಂದು ಹೊಸದಾಗಿ ತಂದಿತು. ಅದರ ವೀಲ್‌ಬೇಸ್ 115.5 ಇಂಚು, 1955ರ ‘ದೊಡ್ಡ’ ಫೋರ್ಡಿನದೂ ಅಷ್ಟೇ! 1964ರಲ್ಲಿ ಬಂದ ಷೆವ್ರೊಲೆಯ ಮಧ್ಯಮ ಕಾರು ಷೆವೆಲ್‌ನದು 115 ಇಂಚು. 1955ರ ಷೆವ್ರೊಲೆಯ ಪಾಯವೇ. ಅಣ್ಣನಿಗೆ ಬಿಗಿಯಾದ ಅಂಗಿಯನ್ನು ತಮ್ಮನಿಗೆ ಹೊಸದೆಂದು ತೊಡಿಸಿದಂತಾಯಿತು.

ಬೆಳೆಯುವ ಹುಚ್ಚು ಯಾಕೆ? ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಷೆವ್ರೊಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್, ಕ್ಯಾಡಿಲಾಕ್ ಎಂಬ ಏಣಿಯಿತ್ತು. ಸಂಬಳ ಏರಿದಂತೆ ಗಿರಾಕಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಒಳಗಿನ ಮೂಲ ಬಾಡಿಯನ್ನು ಎರಡು ಮೂರು ಬ್ರ್ಯಾಂಡುಗಳು ಹಂಚಿಕೊಳ್ಳುತ್ತಿದ್ದವು. ಹಾಗಿದ್ದ ಮೇಲೆ ಹೆಚ್ಚು ದುಡ್ಡು ಕೊಟ್ಟಿದ್ದು ನೆರೆಮನೆಯವರಿಗೆ ಗೊತ್ತಾಗುವುದು ಹೇಗೆ? ಬಾನೆಟ್ ನಾಲ್ಕು ಇಂಚು ಮುಂದೆ, ಡಿಕ್ಕಿ ನಾಲ್ಕು ಇಂಚು ಹಿಂದೆ. ಬಾಲಕ್ಕೆ ಮೀನಿನ ರೆಕ್ಕೆ ಸಿಕ್ಕಿಸಿಕೊಂಡ 1959ರ ಕ್ಯಾಡಿಲಾಕ್ 225 ಇಂಚು ಇತ್ತು. ಎರಡು ವರ್ಷದ ನಂತರ ಅದೇ ಕ್ಯಾಡಿಲಾಕ್, ಇಕ್ಕಟ್ಟಾದ ಗ್ಯಾರೇಜಿನವರಿಗೆಂದು, ಡಿಕ್ಕಿಯಲ್ಲಿ ಏಳು ಇಂಚು ಕತ್ತರಿಸಿದ ಒಂದು ಮಾದರಿ ಮಾಡಿತು. ಒಳಗೆ ಕೂರುವವರಿಗೆ ಕೂದಲೆಳೆಯಷ್ಟೂ ಕೊರತೆಯಿಲ್ಲ. ಆದರೂ ಗಿರಾಕಿ ಬರಲಿಲ್ಲ. 1963ರ ನಂತರ ಅದನ್ನು ನಿಲ್ಲಿಸಿದರು.

ಕ್ರೈಸ್ಲರ್ ಕಂಪನಿಗಂತೂ ಇನ್ನೂ ದುಬಾರಿ ಪಾಠವಾಯಿತು. ಷೆವ್ರೊಲೆ ಸಣ್ಣದಾಗಲಿದೆ ಎಂಬ ಮಾತು ಯಾವುದೋ ಗಾರ್ಡನ್ ಪಾರ್ಟಿಯಲ್ಲಿ ಕ್ರೈಸ್ಲರಿನ ಮುಖ್ಯಸ್ಥರೊಬ್ಬರ ಕಿವಿಗೆ ಬಿತ್ತಂತೆ. ಅವಸರವಸರವಾಗಿ 1962ರ ಪ್ಲಿಮತ್ ಮತ್ತು ಡಾಡ್ಜ್ ಕಾರುಗಳನ್ನು ಕುಗ್ಗಿಸಿದರು. ಪ್ಲಿಮತ್ 209 ಇಂಚಿನಿಂದ 202ಕ್ಕೆ ಇಳಿಯಿತು. ಷೆವ್ರೊಲೆ ಮಾತ್ರ ಇದ್ದಷ್ಟೇ ದೊಡ್ಡದಾಗಿ ಪೇಟೆಗೆ ಬಂತು. ಪಾರ್ಟಿಯ ಮಾತು ಬೇರೊಂದು ಚಿಕ್ಕ ಕಾರಿನದು. ಪ್ಲಿಮತ್ ಮಾರಾಟ ನೆಲಕಚ್ಚಿತು. ಪಾರ್ಟಿಯ ಕಥೆ ಎಷ್ಟು ನಿಜವೋ, ಆದರೆ ಕುಗ್ಗಿದ ಕಾರನ್ನು ಜನ ಮುಟ್ಟಲಿಲ್ಲ ಎಂಬುದು ನಿಜ.

ಎಪ್ಪತ್ತರ ದಶಕದಲ್ಲಿ ಉದ್ದ ಹೆಚ್ಚಿಸಿದ್ದು ಬರೀ ಜಂಬವಲ್ಲ, ಕಾನೂನು ಕೂಡ. 1973ರ ಮಾದರಿಗಳಿಂದ ಮುಂದಿನ ಬಂಪರು ಗಂಟೆಗೆ 5 ಮೈಲಿ, ಅಂದರೆ 8 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದರೂ ದೀಪ, ಇಂಧನ ವ್ಯವಸ್ಥೆಗಳಿಗೆ ಪೆಟ್ಟಾಗಬಾರದು ಎಂದು ಸರ್ಕಾರ ನಿಯಮ ಮಾಡಿತು. ಮರುವರ್ಷ ಹಿಂದಿನ ಬಂಪರಿಗೂ ಅದೇ ನಿಯಮ. ಜನರಲ್ ಮೋಟಾರ್ಸ್ ಇದಕ್ಕೆ ಮಾಡಿದ ಏರ್ಪಾಡನ್ನು ಹತ್ತಿರದಿಂದ ನೋಡುವಂತಿದೆ. ಭಾರಿ ಉಕ್ಕಿನ ಬಂಪರಿನ ಹಿಂದೆ ಎರಡು ಕೊಳವೆಗಳು, ಒಂದರೊಳಗೊಂದು ಜಾರುವಂಥವು. ಗುದ್ದಿದಾಗ ಒಳಗಿನ ದ್ರವ ಸಣ್ಣ ತೂತಿನಲ್ಲಿ ನುಗ್ಗಿ ಹೋಗುತ್ತ ಪೆಟ್ಟಿನ ಬಿರುಸನ್ನು ನುಂಗುತ್ತದೆ. ಆಮೇಲೆ ಬಂಪರು ಮೆಲ್ಲನೆ ತನ್ನ ಜಾಗಕ್ಕೆ ವಾಪಸು. ಹೀಗೆ ಹಿಂದೆ ಸರಿಯಲು ಜಾಗ ಬೇಕಲ್ಲ, ಅದಕ್ಕೇ ಬಂಪರನ್ನು ಬಾಡಿಯಿಂದ ಕೆಲವು ಇಂಚು ದೂರ ನಿಲ್ಲಿಸಿದರು. ನಡುವಿನ ಸಂದು ಕಾಣದಿರಲೆಂದು ಬಾಗುವ ಪಟ್ಟಿಗಳನ್ನು ಕೂರಿಸಿ ಬಾಡಿಯ ಬಣ್ಣವನ್ನೇ ಬಳಿದರು. ಇಂದು ಆ ಕಾಲದ ಕಾರನ್ನು ಸಾಕಿಕೊಂಡವರನ್ನು ಕೇಳಿ, ಆ ಪಟ್ಟಿ ಹಪ್ಪಳದಂತೆ ಪುಡಿಯಾಗುವುದನ್ನು ಅವರೇ ಹೇಳುತ್ತಾರೆ. 1971ರಲ್ಲಿ 217 ಇಂಚಿನ ಹತ್ತಿರವಿದ್ದ ಷೆವ್ರೊಲೆಯ ದೊಡ್ಡ ಕಾರು ಇಂಪಾಲ 1976ಕ್ಕೆ 223ರ ಹತ್ತಿರ ಬಂತು, ಒಳಗೆ ಜಾಗ ಹೆಚ್ಚದೆಯೇ. ನಮ್ಮ ಸೈಟಿಗೆ ಅಡ್ಡ ನಿಂತ ಇಂಪೀರಿಯಲ್‌ದೂ ಇದೇ ಕಥೆ. 1972ರಲ್ಲಿ ಅದು 229.5 ಇಂಚು. ಮರುವರ್ಷ ಸೇರಿದ ಆರು ಇಂಚು ಬಹುಪಾಲು ಬಂಪರಿಗೆ ಅಂಟಿಸಿದ ದಪ್ಪ ರಬ್ಬರಿನದು.

ಇನ್ನು 1977. ತೈಲ ಬಿಕ್ಕಟ್ಟಿನ ಪೆಟ್ಟು ತಿಂದಿದ್ದ ಜನರಲ್ ಮೋಟಾರ್ಸ್ ತನ್ನ ದೊಡ್ಡ ಕಾರುಗಳಿಗೆ ಕತ್ತರಿ ಹಾಕಿತು. ಇಂಪಾಲ ಮತ್ತು ಅದರ ಸಿರಿವಂತ ರೂಪ ಕಪ್ರೀಸ್ 222.9 ಇಂಚಿನಿಂದ 212.1ಕ್ಕೆ ಇಳಿದವು. ವೀಲ್‌ಬೇಸ್ 121.5ರಿಂದ 116ಕ್ಕೆ. ತೂಕ ಇನ್ನೂರೈವತ್ತು ಕೆಜಿಗೂ ಹೆಚ್ಚು ಕಡಿಮೆಯಾಯಿತು. ಎತ್ತರ ತುಸು ಹೆಚ್ಚಿಸಿ, ಸೀಟನ್ನು ನೆಟ್ಟಗೆ ನಿಲ್ಲಿಸಿದ್ದರಿಂದ ತಲೆಗೂ ಕಾಲಿಗೂ ಜಾಗ ಮೊದಲಿಗಿಂತ ಹೆಚ್ಚೇ ಸಿಕ್ಕಿತು, ಡಿಕ್ಕಿಯೂ ದೊಡ್ಡದಾಯಿತು. ಮೋಟರ್ ಟ್ರೆಂಡ್ ಪತ್ರಿಕೆ ಕಪ್ರೀಸನ್ನೇ ಆ ವರ್ಷದ ಕಾರೆಂದು ಆರಿಸಿತು. ನನ್ನನ್ನು ಕೇಳಿದರೆ ಆ ದಶಕದಲ್ಲಿ ಡೆಟ್ರಾಯಿಟ್ ಮಾಡಿದ ಅತ್ಯಂತ ಜಾಣ ಕೆಲಸ ಅದೇ.

ತಮಾಷೆ ಎಂದರೆ ಮಧ್ಯಮ ಕಾರುಗಳಿಗೆ ಆ ವರ್ಷ ಇನ್ನೂ ಕತ್ತರಿ ಬಿದ್ದಿರಲಿಲ್ಲ. ಹಾಗಾಗಿ ಷೆವ್ರೊಲೆಯ ಒಂದೇ ಶೋರೂಮಿನಲ್ಲಿ ದೊಡ್ಡ ಇಂಪಾಲ 212.1 ಇಂಚು, ಪಕ್ಕದಲ್ಲಿ ಮಧ್ಯಮ ಪಾಯದ ಮೇಲೆ ಕಟ್ಟಿದ ಮಾಂಟೆ ಕಾರ್ಲೊ 212.7 ಇಂಚು. ವೀಲ್‌ಬೇಸ್ ಎರಡಕ್ಕೂ 116. ಮಾಂಟೆ ಕಾರ್ಲೊದ ಉದ್ದ ಹೋಗಿದ್ದೆಲ್ಲ ಬಾನೆಟ್ಟಿಗೆ. ಹಿಂದಿನ ಸೀಟಿನಲ್ಲಿ ಕೂತವರ ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಿತ್ತು. ಫೋರ್ಡಿನವರು ಇನ್ನೂ ಮುಂದೆ ಹೋದರು. ಅವರ ‘ಮಧ್ಯಮ’ ಎಲ್‌ಟಿಡಿ-2ರ ನಾಲ್ಕು ಬಾಗಿಲಿನ ಮಾದರಿ 219.5 ಇಂಚು, ಇಂಪಾಲಕ್ಕಿಂತ ಏಳು ಇಂಚು ಉದ್ದ. ತಮ್ಮ ದೊಡ್ಡ ಎಲ್‌ಟಿಡಿ ಇನ್ನೂ ದೊಡ್ಡದಾಗಿಯೇ ಉಳಿದಿದೆ ಎಂದು ಜಾಹೀರಾತಿನಲ್ಲಿ ಬೀಗಿದರು. 1979ಕ್ಕೆ ಅದನ್ನೂ 209 ಇಂಚಿಗೆ ಇಳಿಸಬೇಕಾಯಿತು.

ಈ ಗೊಂದಲದಿಂದ ಹೊರಬರುವ ದಾರಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹುಡುಕಿತು. ಮೈಲೇಜ್ ಹೋಲಿಸುವಾಗ ಹೊರಗಿನ ಉದ್ದ ಬಿಟ್ಟು, ಪ್ರಯಾಣಿಕರ ಜಾಗ ಮತ್ತು ಡಿಕ್ಕಿಯನ್ನು ಸೇರಿಸಿ ಘನ ಅಡಿಯಲ್ಲಿ ಅಳೆಯತೊಡಗಿತು. ಎರಡೂ ಸೇರಿ 110ರಿಂದ 119 ಇದ್ದರೆ ಮಧ್ಯಮ, 120 ಮುಟ್ಟಿದರೆ ದೊಡ್ಡದು. ಈ ತಕ್ಕಡಿಯಲ್ಲಿ 2008ರ ಹೋಂಡಾ ಅಕಾರ್ಡ್ ಸೆಡಾನ್ ‘ದೊಡ್ಡ ಕಾರು’ ಎನಿಸಿಕೊಂಡಿತು. ಅದರ ಉದ್ದ 194 ಇಂಚು. 1955ರ ಷೆವ್ರೊಲೆಗಿಂತ ಒಂದೂವರೆ ಇಂಚು ಕಡಿಮೆ, ‘ಮಧ್ಯಮ’ ಎಲ್‌ಟಿಡಿ-2ಗಿಂತ ಎರಡಡಿಗೂ ಹೆಚ್ಚು ಕಡಿಮೆ.

ನಾವು ಮಾತ್ರ ಟೇಪನ್ನು ಇನ್ನೂ ಬಿಟ್ಟಿಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ, ಚಿಕ್ಕ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ್ದೇ ತಡ, ನಮ್ಮ ಸೆಡಾನುಗಳ ಬಾಲ ಮೋಟಾಗತೊಡಗಿತು. 4160 ಮಿ.ಮೀ. ಇದ್ದ ಸ್ವಿಫ್ಟ್ ಡಿಜೈರ್ 2012ರಲ್ಲಿ 3995ಕ್ಕೆ ಇಳಿಯಿತು. ವೀಲ್‌ಬೇಸ್ ಮಾತ್ರ 2390ರಿಂದ 2430ಕ್ಕೆ ಏರಿತ್ತು. ಕತ್ತರಿ ಬಿದ್ದದ್ದು ಡಿಕ್ಕಿಗೆ: ಮೊದಲು 440 ಲೀಟರ್, ಆಮೇಲೆ 316.