ಉಳಿಸುವುದು ಒಂದು, ಇರಿಸುವುದು ಇನ್ನೊಂದು

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಸಂಸಾರಸ್ಥರಿಗೆ ಉಳಿತಾಯವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಂದಿನಿಂದ ಈ ಭಾಗಕ್ಕೆ ಬಂದು ನೆಲೆಸಿದವರಲ್ಲಿ ಉಪಾಧ್ಯಾಯರು, ಗುಮಾಸ್ತರು, ಕಾರ್ಖಾನೆಯ ನೌಕರರು ಹೀಗೆ ತಿಂಗಳ ಸಂಬಳವನ್ನೇ ನೆಚ್ಚಿದವರು ಬಹುಮಂದಿ. ಅವರ ಮನೆಗಳಲ್ಲಿ ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರಿನ ಮೇಲೆ ಇರುತ್ತಿತ್ತು. ದಿನಸಿಯ ಚೀಟಿಯನ್ನು ಎರಡು ಬಾರಿ ತಿದ್ದಿದ ಮೇಲೆಯೇ ಅಂಗಡಿಗೆ ಹೋಗುತ್ತಿದ್ದರು. ಹಬ್ಬದ ಸೀರೆಗೆ ನಾಲ್ಕು ತಿಂಗಳು ಮೊದಲೇ ಗೃಹಿಣಿ ಡಬ್ಬಿಯೊಳಗೆ ನೋಟು ಮಡಿಚಿಡುತ್ತಿದ್ದಳು. ಇಂತಹ ಮಿತವ್ಯಯದ ಮನೆಗಳ ಹಣವೇ 2020ರ ಜನವರಿಯಲ್ಲಿ ಸಿಕ್ಕಿಕೊಂಡಿತೆಂಬುದು ನಾವೆಲ್ಲರೂ ಕುಳಿತು ಯೋಚಿಸತಕ್ಕ ಸಂಗತಿಯಾಗಿದೆ.

ಆ ತಿಂಗಳ 10ನೆಯ ತಾರೀಖಿನಿಂದ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ವ್ಯವಹಾರದ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿತು. ಒಬ್ಬ ಠೇವಣಿದಾರನಿಗೆ ಹಿಂತೆಗೆಯಲು ಅನುಮತಿ ದೊರೆತದ್ದು 35,000 ರೂಪಾಯಿ ಮಾತ್ರ. ಠೇವಣಿ ಇಟ್ಟವರಲ್ಲಿ ನಿವೃತ್ತರು, ವೃದ್ಧ ದಂಪತಿಗಳು ಬಹಳ ಮಂದಿ ಇದ್ದರು. ಭವಿಷ್ಯನಿಧಿಯನ್ನೂ ಗ್ರಾಚ್ಯುಟಿಯನ್ನೂ ಒಟ್ಟಾಗಿ ಒಂದೇ ಕಡೆ ಇಟ್ಟು, ಅದರ ಬಡ್ಡಿಯಿಂದಲೇ ಔಷಧಿಯನ್ನೂ ಮನೆ ಬಾಡಿಗೆಯನ್ನೂ ನಡೆಸುತ್ತಿದ್ದವರ ಪಾಡು ಏನಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದು ಠೇವಣಿಯ ಮೇಲಿದ್ದ ವಿಮೆಯ ಮಿತಿ ಕೇವಲ ಒಂದು ಲಕ್ಷ. 1993ರಿಂದ ಅದು ಬದಲಾಗಿರಲೇ ಇಲ್ಲ. 2020ರ ಫೆಬ್ರವರಿ 4ರಂದು ಅದನ್ನು ಐದು ಲಕ್ಷಕ್ಕೆ ಏರಿಸಿದರು. 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಇಂತಹ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಕೈಸೇರಬೇಕೆಂದು ವಿಧಿಸಿದರು. ಆ ಬಳಿಕವೇ ಈ ಬ್ಯಾಂಕಿನವರಿಗೂ ಆ ಮೊತ್ತ ದೊರೆಯತೊಡಗಿದ್ದು.

ತಪ್ಪಿತಸ್ಥರ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಪೈಸೆಗೆ ಪೈಸೆ ಕೂಡಿಸಿದ ಜನ, ಕೂಡಿಸಿದ್ದನ್ನು ಎಲ್ಲಿ, ಎಷ್ಟು, ಹೇಗೆ ಇರಿಸಬೇಕೆಂಬುದನ್ನು ಯಾವಾಗ ಕಲಿತರು? ನಮ್ಮ ಅಭಿಪ್ರಾಯದಲ್ಲಿ ಉಳಿಸುವ ವಿದ್ಯೆ ತಾಯಿಯಿಂದ ಬಂದಿತು. ಇರಿಸುವ ವಿದ್ಯೆಯನ್ನು ಕಲಿಸುವವರೇ ಇರಲಿಲ್ಲ. ಆ ಸ್ಥಾನವನ್ನು ಪರಿಚಯ ತುಂಬಿತು. ನಮ್ಮ ಬೀದಿಯವರು ಇಟ್ಟಿದ್ದಾರೆ, ಬೀಗರು ಇಟ್ಟಿದ್ದಾರೆ, ಆಡಳಿತ ಮಂಡಳಿಯವರು ದೈವಭಕ್ತರು ಎಂಬ ಮಾತುಗಳೇ ಆಧಾರವಾದವು. ಭಕ್ತಿ ದೊಡ್ಡದು, ಆದರೆ ಅದು ಲೆಕ್ಕಪರಿಶೋಧನೆಯ ವರದಿಯಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಇಪ್ಪತ್ತು ಲಕ್ಷವಿರುವ ಗೃಹಸ್ಥನೊಬ್ಬನು ಶೇಕಡಾ ಎರಡರಷ್ಟು ಹೆಚ್ಚಿನ ಬಡ್ಡಿಗಾಗಿ ಬ್ಯಾಂಕು ಬದಲಿಸಿದನೆನ್ನೋಣ. ಅವನಿಗೆ ಹೆಚ್ಚುವರಿಯಾಗಿ ಬರುವುದು ವರ್ಷಕ್ಕೆ 40,000 ರೂಪಾಯಿ, ಅಂದರೆ ತಿಂಗಳಿಗೆ 3,300ರ ಆಸುಪಾಸು. ಇದಕ್ಕಾಗಿ ಅವನು ಪಣಕ್ಕಿಟ್ಟದ್ದು ಐದು ಲಕ್ಷದ ವಿಮೆಯನ್ನು ಕಳೆದು ಉಳಿದ ಹದಿನೈದು ಲಕ್ಷ. ಆ ಹದಿನೈದು ಲಕ್ಷವನ್ನು ಹೆಚ್ಚುವರಿ ಬಡ್ಡಿಯಿಂದಲೇ ತುಂಬಿಕೊಳ್ಳಬೇಕಾದರೆ 37 ವರ್ಷ ಮೀರುತ್ತದೆ. ಅರವತ್ತು ದಾಟಿದವನು ಮಾಡತಕ್ಕ ವ್ಯಾಪಾರವೇ ಇದು? ಬಡ್ಡಿಯ ದರವನ್ನು ಕೇಳುವ ಮೊದಲು, ಇತರರಿಗಿಂತ ಹೆಚ್ಚು ಕೊಡಲು ಇವರಿಗೆ ಹೇಗೆ ಸಾಧ್ಯವಾಯಿತೆಂದು ಕೇಳಬೇಕು.

ವಿಮೆಯ ನಿಯಮವನ್ನು ಸರಿಯಾಗಿ ತಿಳಿದವರೂ ವಿರಳ. ಐದು ಲಕ್ಷವೆಂಬುದು ಅಸಲು ಬಡ್ಡಿ ಎರಡೂ ಸೇರಿದ ಮೊತ್ತ. ಒಂದೇ ಬ್ಯಾಂಕಿನ ಜಯನಗರ ಶಾಖೆಯಲ್ಲಿ ನಾಲ್ಕು, ಬನಶಂಕರಿ ಶಾಖೆಯಲ್ಲಿ ನಾಲ್ಕು ಲಕ್ಷ ಇಟ್ಟರೆ ಎರಡಕ್ಕೂ ರಕ್ಷೆ ದೊರೆಯಿತೆಂದು ಭಾವಿಸುವುದು ತಪ್ಪು. ಎಲ್ಲ ಶಾಖೆಗಳನ್ನೂ ಕೂಡಿಸಿಯೇ ಎಣಿಸುತ್ತಾರೆ. ಬೇರೆ ಬೇರೆ ಬ್ಯಾಂಕುಗಳಲ್ಲಿಟ್ಟರೆ ಪ್ರತ್ಯೇಕ ರಕ್ಷೆಯುಂಟು. ಪತಿಯ ಹೆಸರಿನದು, ಪತ್ನಿಯ ಹೆಸರಿನದು, ಇಬ್ಬರ ಜಂಟಿ ಹೆಸರಿನದು ಇವು ಒಂದೇ ಬ್ಯಾಂಕಿನಲ್ಲಿದ್ದರೂ ಬೇರೆ ಬೇರೆಯೆಂದೇ ಪರಿಗಣಿತವಾಗುತ್ತವೆ. ಹಿರಿಯ ನಾಗರಿಕರಿಗೆ ಅಂಚೆ ಕಚೇರಿಯ ಬಾಗಿಲೂ ತೆರೆದಿದೆ. 2004ರಲ್ಲಿ ಆರಂಭವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ ಹದಿನೈದರಿಂದ ಮೂವತ್ತು ಲಕ್ಷಕ್ಕೆ ಏರಿಸಿದರು. ಆಗ ಗೊತ್ತುಪಡಿಸಿದ ಬಡ್ಡಿ ಶೇಕಡಾ 8.2. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ, ಹಿಂದೆ ನಿಂತಿರುವುದು ಕೇಂದ್ರ ಸರ್ಕಾರ. ಇಷ್ಟಿದ್ದೂ ಸಾಲಿನಲ್ಲಿ ನಿಲ್ಲುವ ಬೇಸರಕ್ಕೆ ಅಂಚೆ ಕಚೇರಿಯನ್ನು ಬಿಟ್ಟವರನ್ನು ನಾವು ಬಲ್ಲೆವು.

ಇನ್ನು ಫಲಕದ ಮಾತು. ಬ್ಯಾಂಕಿನಂತೆಯೇ ಗಾಜಿನ ಬಾಗಿಲು, ಕೌಂಟರು, ಪಾಸ್‌ಬುಕ್ಕು ಇರುವ ಸಂಸ್ಥೆಗಳೆಲ್ಲ ಬ್ಯಾಂಕುಗಳಲ್ಲ. ಪತ್ತಿನ ಸಹಕಾರ ಸಂಘಗಳೂ 1997ರ ಸೌಹಾರ್ದ ಕಾಯಿದೆಯ ಅಡಿಯಲ್ಲಿ ನೋಂದಾಯಿತವಾದ ಪತ್ತಿನ ಸಹಕಾರಿಗಳೂ ರಿಸರ್ವ್ ಬ್ಯಾಂಕಿನ ಪರವಾನಗಿಗೆ ಒಳಪಟ್ಟಿಲ್ಲ. ಅಲ್ಲಿಟ್ಟ ಠೇವಣಿಗೆ ಮೇಲೆ ಹೇಳಿದ ವಿಮೆ ಇಲ್ಲವೇ ಇಲ್ಲ. ಹೀಗೆಂದ ಮಾತ್ರಕ್ಕೆ ಸಹಕಾರ ತತ್ತ್ವವನ್ನೇ ನಾವು ಹಳಿಯುತ್ತಿಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ನಮ್ಮ ನಾಡಿಗೆ ಹೆಮ್ಮೆಯ ವಿಷಯವೇ. ಆದರೆ ಒಂದು ಹಳ್ಳಿಯ ಸಂಘದಲ್ಲಿ ಸಾಲ ಪಡೆದವನ ಹೊಲವೂ ಮನೆಯೂ ಎಲ್ಲರಿಗೂ ಗೊತ್ತಿರುತ್ತಿದ್ದವು. ಮಹಾನಗರದಲ್ಲಿ ನಮ್ಮ ಹಣವನ್ನು ಯಾರಿಗೆ ಸಾಲ ಕೊಟ್ಟರೆಂಬುದು ಸದಸ್ಯನಿಗೆ ತಿಳಿಯುವುದಿಲ್ಲ. ವಾರ್ಷಿಕ ಮಹಾಸಭೆಗೆ ಹೋದರೂ ಬಹುಮಂದಿ ಉಡುಗೊರೆಯ ಚೀಲವನ್ನು ಹಿಡಿದು ಊಟ ಮುಗಿಸಿ ಬರುತ್ತಾರೆಯೇ ಹೊರತು ವರದಿಯ ಪುಟ ತಿರುವುವುದಿಲ್ಲ. ಬೀದಿಯ ಚೀಟಿ ವ್ಯವಹಾರದ ಬಗೆಗೆ ಒಂದೇ ಮಾತು: 1982ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಾಗಿದೆಯೇ ಎಂದು ಕೇಳಿ, ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇಷ್ಟೆಲ್ಲ ತಿಳಿದ ಯಜಮಾನನೂ ಒಂದು ಕಡೆ ಎಡವುತ್ತಾನೆ. ಅವನು ತಿಳಿದದ್ದು ಅವನೊಬ್ಬನಿಗೇ ಗೊತ್ತು. ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬೇರೊಂದು ಬಗೆಯಲ್ಲಿ ಓದಬೇಕೆಂದು ನಮಗೆ ತೋರುತ್ತದೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದದ್ದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಹೇಳಿದಳು. ನಾವು ಇದರಲ್ಲಿ ನಿರಾಸೆಯನ್ನು ಕಾಣುತ್ತೇವೆ, ಅದು ಸರಿಯೇ. ಆದರೆ ಆ ತಾಯಿಗೆ ಮನೆಯ ನಿತ್ಯದ ಅಳತೆ ಕರಾರುವಾಕ್ಕಾಗಿ ತಿಳಿದಿತ್ತೆಂಬುದನ್ನೂ ಗಮನಿಸಬೇಕು. ತಿಳಿಯದಿದ್ದರೆ ಹೆಚ್ಚಾಯಿತೆಂದು ಹೇಳುವುದು ಹೇಗೆ? ಮನೆಯ ಲೆಕ್ಕ ಅವರಲ್ಲಿ ಇಬ್ಬರದಾಗಿತ್ತು. ಇಂದಿನ ಅನೇಕ ಮನೆಗಳಲ್ಲಿ ಗೃಹಿಣಿಗೆ ತರಕಾರಿಯ ಬೆಲೆ ಗೊತ್ತು, ಠೇವಣಿ ಯಾವ ಬ್ಯಾಂಕಿನಲ್ಲಿದೆಯೆಂದು ಗೊತ್ತಿಲ್ಲ. ಪತಿ ತೀರಿಕೊಂಡ ಬಳಿಕ ಬೀರುವಿನ ಕಾಗದಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಒಂದೊಂದನ್ನೇ ಮಗನಿಂದ ಓದಿಸುವ ಪರಿಸ್ಥಿತಿ ಬರುತ್ತದೆ.

ಹತ್ತು ವರ್ಷ ಯಾರೂ ಕೇಳದ ಠೇವಣಿಯು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗವಾಗುತ್ತದೆ. ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು. ಹುಡುಕಲೆಂದು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೂ ತೆರೆದಿದ್ದಾರೆ. ಆದರೆ ಮನೆಯಲ್ಲಿ ಮೊದಲೇ ಹೇಳಿದ್ದರೆ ಹುಡುಕುವ ಶ್ರಮವೇ ಇರುತ್ತಿರಲಿಲ್ಲ. ನಾಮನಿರ್ದೇಶನವನ್ನು ಖಾತೆ ತೆರೆದ ದಿನವೇ ಮಾಡಬೇಕು. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ಹೆಸರು ಸೂಚಿಸಲು ಅವಕಾಶವಾಗಿದೆ. ನಾಮನಿರ್ದೇಶಿತನು ಹಣವನ್ನು ಬ್ಯಾಂಕಿನಿಂದ ಪಡೆಯುವ ಅಧಿಕಾರವುಳ್ಳವನೇ ಹೊರತು ಅದರ ಒಡೆಯನಾಗುವುದಿಲ್ಲ, ಉತ್ತರಾಧಿಕಾರಿಗಳ ಹಕ್ಕು ಹಾಗೆಯೇ ಉಳಿಯುತ್ತದೆ. ಇದನ್ನು ತಿಳಿಯದೆ ಅಣ್ಣತಮ್ಮಂದಿರು ಮಾತು ಬಿಟ್ಟ ಉದಾಹರಣೆಗಳಿವೆ. ಆದುದರಿಂದ ಉಯಿಲನ್ನೂ ಬರೆಯುವುದು ಕ್ಷೇಮ. ಅದಕ್ಕೆ ಛಾಪಾ ಕಾಗದ ಬೇಕಾಗಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಅಗತ್ಯ.

ಮಠದಲ್ಲಿ ನಾವು ಓದುತ್ತಿದ್ದಾಗ ಉಗ್ರಾಣದ ಲೆಕ್ಕವನ್ನು ಬರೆಯುವವರು ಒಬ್ಬರು, ಬೀಗದ ಕೈ ಹಿಡಿಯುವವರು ಇನ್ನೊಬ್ಬರು, ತಿಂಗಳಿಗೊಮ್ಮೆ ತಾಳೆ ನೋಡುವವರು ಮತ್ತೊಬ್ಬರು. ಯಾರ ಮೇಲೂ ಸಂಶಯವಿದ್ದು ಮಾಡಿದ ಏರ್ಪಾಡಲ್ಲ ಅದು. ಮನೆಗೂ ಅದೇ ಕ್ರಮ ಸಲ್ಲುತ್ತದೆ. ಒಂದು ನೂರು ಪುಟದ ನೋಟುಪುಸ್ತಕ ಸಾಕು. ಮೊದಲ ಪುಟದಲ್ಲಿ ಬ್ಯಾಂಕು, ಶಾಖೆ, ಠೇವಣಿಯ ಸಂಖ್ಯೆ, ಮುಗಿಯುವ ತಾರೀಖು, ನಾಮನಿರ್ದೇಶಿತರ ಹೆಸರು. ಮುಂದಿನ ಪುಟದಲ್ಲಿ ವಿಮಾ ಪಾಲಿಸಿಗಳು. ಅದರ ಮುಂದೆ ಕೊಡಬೇಕಾದ ಸಾಲ, ಬರಬೇಕಾದ ಕೈಗಡ. ಆರು ತಿಂಗಳ ಮನೆ ಖರ್ಚಿನಷ್ಟನ್ನು ಕೂಡಲೇ ತೆಗೆಯಲು ಬರುವಂತೆ ಉಳಿತಾಯ ಖಾತೆಯಲ್ಲಿ ಬೇರೆಯಾಗಿಟ್ಟು, ಅದನ್ನೂ ಬರೆಯಬೇಕು. ಗುಪ್ತ ಸಂಖ್ಯೆಗಳನ್ನು ಇದರಲ್ಲಿ ಬರೆಯಕೂಡದು. ಪ್ರತಿ ಅಮಾವಾಸ್ಯೆಯ ಸಂಜೆ ಪತಿ ಪತ್ನಿಯರು ಅರ್ಧ ಗಂಟೆ ಕೂಡಿ ಕುಳಿತು ಅದನ್ನು ತಿದ್ದಬೇಕು. ಬೆಳೆದ ಮಗಳಾಗಲಿ ಮಗನಾಗಲಿ ಇದ್ದರೆ ಬರೆಯುವ ಕೆಲಸವನ್ನು ಅವರಿಗೇ ಕೊಡಬೇಕು. ಪುಸ್ತಕವನ್ನು ಬೀರುವಿನ ಯಾವ ಅರೆಯಲ್ಲಿ ಇಟ್ಟಿದೆಯೆಂಬುದು ಮನೆಯ ಕನಿಷ್ಠ ಇಬ್ಬರಿಗಾದರೂ ಗೊತ್ತಿರಬೇಕು.