ಹಳೇ ಚಿಲಕ, ಹೊಸ ರೋಟರಿ ಟೂಲ್

ಅಟ್ಟದ ಮೇಲಿನ ಬೀಟೆ ಪೆಟ್ಟಿಗೆ, ತುಕ್ಕು ಹಿಡಿದ ಅಡಿಕೆ ಕತ್ತರಿ, ಕಪ್ಪಾದ ಹಿತ್ತಾಳೆ ದೀಪ. ಇಂಥವನ್ನು ಮನೆಯಲ್ಲೇ ರಿಪೇರಿ ಮಾಡುವ ಹುಚ್ಚು ಹತ್ತಿದವರು ಬೇಗನೆ ಒಂದು ರೋಟರಿ ಟೂಲ್ (ತುದಿಗೆ ಬೇರೆ ಬೇರೆ ಬಿಟ್ ಸಿಕ್ಕಿಸಿ ವೇಗವಾಗಿ ತಿರುಗಿಸುವ ಪುಟ್ಟ ಕೈಯಂತ್ರ) ತಂದಿಟ್ಟುಕೊಳ್ಳುತ್ತಾರೆ. ಅದರ ಜೊತೆ ಒಂದಿಷ್ಟು ನಂಬಿಕೆಗಳೂ ಮನೆಗೆ ಬರುತ್ತವೆ.

ತಪ್ಪು ಕಲ್ಪನೆ: ವೇಗ ಹೆಚ್ಚಿದ್ದಷ್ಟೂ ಒಳ್ಳೆಯದು.

ವಾಸ್ತವ: ಡಬ್ಬದ ಮೇಲೆ 35,000 ಆರ್‌ಪಿಎಂ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ನೀವು ಕೇಳಬೇಕಾದದ್ದು, ವೇಗ ಎಷ್ಟರವರೆಗೆ ಇಳಿಯುತ್ತದೆ ಎಂದು. 5,000ಕ್ಕೆ ಇಳಿಯುವ ಯಂತ್ರ ಹಳೇ ವಸ್ತುಗಳಿಗೆ ಹೆಚ್ಚು ಉಪಯೋಗ. ನಿಮಿಷಕ್ಕೆ 30,000 ಸುತ್ತಿನಲ್ಲಿ 3 ಮಿ.ಮೀ. ಬಿಟ್ಟಿನ ಅಂಚು ಸೆಕೆಂಡಿಗೆ 5 ಮೀಟರನ್ನೂ ಮುಟ್ಟುವುದಿಲ್ಲ. ಅದೇ ಸುತ್ತಿನಲ್ಲಿ 38 ಮಿ.ಮೀ. ಕಟಿಂಗ್ ಡಿಸ್ಕಿನ ಅಂಚು ಸುಮಾರು 60 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 215 ಕಿ.ಮೀ.! ಹಾಗಾಗಿ ಬಿಟ್ ಅಗಲವಾದಷ್ಟೂ ವೇಗ ಇಳಿಸಬೇಕು. ವೈರ್ ಬ್ರಷ್ಷನ್ನಂತೂ 15,000 ದಾಟಿಸಲೇಬಾರದು. ದಾಟಿದರೆ ತಂತಿಗಳು ಕಿತ್ತು ಸೂಜಿಯಂತೆ ಹಾರುತ್ತವೆ, ಅಂಗಿಗೆ ಚುಚ್ಚಿಕೊಳ್ಳುತ್ತವೆ. ಓದುವ ಕನ್ನಡಕ ಸಾಲದು, ಪಕ್ಕವೂ ಮುಚ್ಚಿರುವ ಗಾಗಲ್ಸ್ ಬೇಕು. ವೇಗ ಜಾಸ್ತಿಯಾದರೆ ಮರ ಸುಟ್ಟು ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕರಗಿ ಬಿಟ್ಟಿಗೇ ಅಂಟುತ್ತದೆ.

ತಪ್ಪು ಕಲ್ಪನೆ: ಒತ್ತಿ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ.

ವಾಸ್ತವ: ಇದಕ್ಕಿರುವುದು ವೇಗದ ಶಕ್ತಿ, ಡ್ರಿಲ್ ಮೆಷಿನ್ನಿನಂಥ ಎಳೆತ ಇಲ್ಲ. ಒತ್ತಿದರೆ ಮೋಟಾರಿನ ಸದ್ದು ಕುಗ್ಗುತ್ತದೆ, ಮೈ ಬಿಸಿಯಾಗುತ್ತದೆ. ಸದ್ದು ಕುಗ್ಗಿತೆಂದರೆ ಕೈ ಹಗುರ ಮಾಡಿ.

ತಪ್ಪು ಕಲ್ಪನೆ: ಇನ್ನೂರು ಬಿಟ್ಟುಗಳ ಸೆಟ್ ಕೊಂಡರೆ ಲಾಭ.

ವಾಸ್ತವ: ಅದರಲ್ಲಿ ಮುಕ್ಕಾಲು ಪಾಲು ನೀವು ಮುಟ್ಟುವುದೇ ಇಲ್ಲ. ಹಿತ್ತಾಳೆ ಮತ್ತು ಸ್ಟೀಲ್ ವೈರ್ ಬ್ರಷ್, ಸ್ಯಾಂಡಿಂಗ್ ಡ್ರಮ್, ಪಾಲಿಶ್ ಮಾಡಲು ಫೆಲ್ಟ್ ಚಕ್ರ, ಒಂದೆರಡು ಕಟಿಂಗ್ ಡಿಸ್ಕ್, ಕಬ್ಬಿಣಕ್ಕೆ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು, ಗಾಜು ಮತ್ತು ಪಿಂಗಾಣಿಗೆ ಡೈಮಂಡ್ ಬಿಟ್. ಇಷ್ಟಿದ್ದರೆ ಬಹಳ ದಿನ ನಡೆಯುತ್ತದೆ. ಬೆಂಗಳೂರಿನವರು ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಬೇಕಾದ್ದನ್ನು ಮಾತ್ರ ಬಿಡಿಯಾಗಿ ಕೇಳಿ ನೋಡಿ. ಆಗ ಬಿಟ್ಟಿನ ದಂಡವನ್ನೂ ಗಮನಿಸಿ. ಸಾಮಾನ್ಯ ಅಳತೆ 3.2 ಮಿ.ಮೀ.; ದಂತವೈದ್ಯರ ಮತ್ತು ಅಕ್ಕಸಾಲಿಗರ ಬಿಟ್ಟುಗಳಲ್ಲಿ ಬಹಳಷ್ಟು 2.35. ಅಳತೆಗೆ ಸರಿಯಾದ ಕೊಲೆಟ್ (ದಂಡವನ್ನು ಬಿಗಿಯಾಗಿ ಹಿಡಿಯುವ ಬಿರಡೆ) ಹಾಕದಿದ್ದರೆ ಬಿಟ್ ನಡುಗುತ್ತದೆ, ನಡುಗಿದ ಬಿಟ್ ಕೆತ್ತನೆಯ ಮೇಲೆ ಜಾರಿ ಗೀರು ಹಾಕುತ್ತದೆ.

ತಪ್ಪು ಕಲ್ಪನೆ: ಡೈಮಂಡ್ ಬಿಟ್ ಯಾವುದಕ್ಕೂ ಆಗುತ್ತದೆ.

ವಾಸ್ತವ: ವಜ್ರವೆಂದರೆ ಇಂಗಾಲ. ಕಾದ ಕಬ್ಬಿಣಕ್ಕೆ ಇಂಗಾಲವನ್ನು ಹೀರುವ ಗುಣವಿದೆ. ಸ್ಟೀಲಿನ ಮೇಲೆ ಭರದಿಂದ ಉಜ್ಜಿದರೆ ಬಿಟ್ಟಿನ ವಜ್ರದ ಪುಡಿ ಬೇಗ ಸವೆದು ಬರಿ ದಂಡ ಉಳಿಯುತ್ತದೆ.

ತಪ್ಪು ಕಲ್ಪನೆ: ಹಳೇ ಹಿತ್ತಾಳೆ ಫಳಫಳ ಹೊಳೆದರೇ ಸರಿಯಾದಂತೆ.

ವಾಸ್ತವ: ಮೊದಲು ಒಂದು ಆಯಸ್ಕಾಂತ ತಾಗಿಸಿ ನೋಡಿ. ಅಂಟಿಕೊಂಡರೆ ಅದು ಕಬ್ಬಿಣಕ್ಕೆ ಕೊಟ್ಟ ಹಿತ್ತಾಳೆ ಲೇಪನ. ಬ್ರಷ್ ಆಡಿಸಿದರೆ ಲೇಪನ ಹೋಗಿ ಬೂದು ಲೋಹ ಇಣುಕುತ್ತದೆ. ಅಪ್ಪಟ ಹಿತ್ತಾಳೆಯಾದರೂ ಚಕ್ರ ಹಿಡಿದರೆ ಕೆತ್ತನೆಯ ಅಂಚು ಮೊಂಡಾಗುತ್ತದೆ. ದೀಪದ ಕಂಬದ ಸೂಕ್ಷ್ಮ ಗೆರೆಗಳು ಒಮ್ಮೆ ಅಳಿಸಿದರೆ ಅಳಿಸಿದ ಹಾಗೇ. ಅಂಥದ್ದಕ್ಕೆ ಹುಣಸೆಹಣ್ಣು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಯಂತ್ರಕ್ಕೆ ತುಕ್ಕು ಹಿಡಿದ ತಿರುಪು, ಚಿಲಕದ ಸಂದುಗಳನ್ನು ಬಿಡಿ. (ಹಳೇ ಸಾಮಾನಿನ ವ್ಯಾಪಾರಿಗಳನ್ನು ಕೇಳಿ: ಕಾಲ ಕೊಟ್ಟ ಕಂದು ಬಣ್ಣ ಹೋದರೆ ಬೆಲೆಯೂ ಇಳಿಯಬಹುದು.)

ತಪ್ಪು ಕಲ್ಪನೆ: ಹಳೇ ಬಣ್ಣ ತೆಗೆಯಲು ಸ್ಯಾಂಡಿಂಗ್ ಡ್ರಮ್ ಸುಲಭ.

ವಾಸ್ತವ: ಭಾರತದಲ್ಲಿ ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲಿನ ಬಾಗಿಲು, ತೊಟ್ಟಿಲುಗಳ ಬಣ್ಣದಲ್ಲಿ ಸೀಸ ಇದೆಯೆಂದೇ ಎಣಿಸುವುದು ಜಾಣತನ. ಡ್ರಮ್ ತಾಗಿಸಿದರೆ ಆ ಧೂಳು ಮನೆಯ ತುಂಬ ಹರಡುತ್ತದೆ. ಪೇಂಟ್ ರಿಮೂವರ್ ಹಚ್ಚಿ, ಕಿಟಕಿ ತೆರೆದಿಟ್ಟು, ಕೈಗವಸು ತೊಟ್ಟು, ಬಣ್ಣ ಒದ್ದೆಯಾಗಿರುವಾಗಲೇ ಕೆರೆದು ತೆಗೆಯಿರಿ. ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.